ಕಿವಿಗೊಂದು ರೆಪ್ಪೆ

ಕಣ್ಣಿಗೆ ರೆಪ್ಪೆಯನ್ನು ಕೊಟ್ಟ ಸೃಷ್ಟಿಕರ್ತ ಕಿವಿಗೆ ಅದನ್ನೇಕೆ ಕೊಡಲಿಲ್ಲವೋ ತಿಳಿಯದು. ನೋಡಬಾರದುದು ಎದುರಾದರೆ ಕಣ್ಣು ತಾನೇ ಮುಚ್ಚಿಕೊಳ್ಳುತ್ತದೆ. ಕೇಳಬಾರದುದು ಎದುರಾದರೆ ಕಿವಿಗೆ ಎರಡು ಕೈಗಳ ನೆರವು ಬೇಕು. ನಾವು ನಿದ್ದೆಹೋದಾಗಲೂ ಅದು ಬಾಗಿಲು ತೆರೆದ ಮನೆ. ಕಾಡಿನಲ್ಲಿ ಬಾಳುತ್ತಿದ್ದ ನಮ್ಮ ಪೂರ್ವಿಕರಿಗೆ ಇದರಿಂದ ಉಪಕಾರವೇ ಆಗಿರಬೇಕು. ಕತ್ತಲಲ್ಲಿ ತರಗೆಲೆಯ ಸಪ್ಪಳವೊಂದು ಎಷ್ಟೋ ಜೀವಗಳನ್ನು ಉಳಿಸಿದ್ದಿರಬಹುದು. ಆದರೆ ಅವರ ಕಾಡಿನಲ್ಲಿ ಡೀಸೆಲ್ ಎಂಜಿನ್ ಇರಲಿಲ್ಲ, ಲಾರಿಯ ಹಾರ್ನ್ ಇರಲಿಲ್ಲ.

ನಮ್ಮ ಭಾಷೆಗೆ ಈ ಸಂಕಟದ ಅರಿವು ಹಿಂದಿನಿಂದಲೂ ಇದ್ದಂತೆ ತೋರುತ್ತದೆ. ಕನ್ನಡದಲ್ಲಿ ‘ಕೇಳಿಸುವುದು’ ಒಂದು, ‘ಕೇಳುವುದು’ ಇನ್ನೊಂದು, ‘ಆಲಿಸುವುದು’ ಮತ್ತೊಂದು. ಕೇಳಿಸುವುದಕ್ಕೆ ನಮ್ಮ ಅಪ್ಪಣೆ ಬೇಕಿಲ್ಲ; ಅದು ತಾನಾಗಿ ಬಂದು ಕಿವಿಯ ಮೇಲೆ ಬೀಳುವಂಥದು. ಆಲಿಸುವುದಕ್ಕೆ ಮಾತ್ರ ಮನಸ್ಸು ಬೇಕು, ಬಿಡುವು ಬೇಕು. ‘ಕಿವಿಗೊಡುವುದು’ ಎಂಬ ಮಾತಂತೂ ಆಲಿಸುವುದನ್ನು ಒಂದು ದಾನವೆಂದೇ ಎಣಿಸುತ್ತದೆ. ಕೊಡಬೇಕಾದರೆ ಮೊದಲು ಅದು ನಮ್ಮ ಬಳಿ ಇರಬೇಕಷ್ಟೆ! ದಿನವೆಲ್ಲ ಸದ್ದು ಸೂರೆಮಾಡಿದ ಮೇಲೆ ಸಂಗೀತಕ್ಕೆ ಕೊಡುವುದಕ್ಕೆ ಕಿವಿಯಲ್ಲಿ ಉಳಿಯುವುದಾದರೂ ಏನು?

ಈ ಪೀಠಿಕೆಯೆಲ್ಲ ಹುಣಿಸೆಯ ಬೀಜಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ವಸ್ತುವಿಗಾಗಿ. ಹೊರಗಿನ ಸದ್ದನ್ನು ತಡೆದು ಒಳಗೆ ಹಾಡನ್ನು ಕೇಳಿಸುವ, ಕಿವಿಯ ನಾಳದೊಳಗೇ ಕೂಡುವ ಇಯರ್‌ಫೋನಿನ ವಿಚಾರವನ್ನು ನಾನು ಇಲ್ಲಿ ಹೇಳಹೊರಟಿದ್ದೇನೆ. ಕನ್ನಡ ಪಾಠ ಹೇಳುವವನಿಗೆ ಈ ಯಂತ್ರದ ಗೊಡವೆ ಏಕೆಂದು ಓದುಗರು ಹುಬ್ಬೇರಿಸಬಹುದು. ಉತ್ತರ ಮುಂದೆ ತಾನಾಗಿ ದೊರೆಯುತ್ತದೆ. ಇದಕ್ಕೊಂದು ಅಚ್ಚಗನ್ನಡದ ಹೆಸರನ್ನು ಕಟ್ಟಬಹುದಾಗಿತ್ತು. ಆದರೆ ಅಂಗಡಿಯಲ್ಲಿ ಆ ಹೆಸರು ಹೇಳಿ ಕೇಳಿದರೆ ಯಾರೂ ಕೊಡಲಾರರು. ಆದುದರಿಂದ ಜನ ಕರೆಯುವ ಹೆಸರೇ ನನಗೂ ಇರಲಿ.

ನನ್ನ ಮನೆ ದಾವಣಗೆರೆಯಲ್ಲಿ, ಕಾಲೇಜು ಚಿತ್ರದುರ್ಗದಲ್ಲಿ. ನಡುವೆ ಸುಮಾರು 60 ಕಿಲೋಮೀಟರ್ ಹೆದ್ದಾರಿ. ಕೆಂಪು ಬಸ್ಸಿಗೆ ಒಂದೂಕಾಲು ಗಂಟೆಯ ದಾರಿ. ಆನಗೋಡು, ಭರಮಸಾಗರಗಳನ್ನು ದಾಟಿ, ದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ನಿಧಾನವಾಗಿ ತಿರುಗುತ್ತಿರುವುದು ಕಾಣುವವರೆಗೆ ನಾನು ಯಾರ ಅಧೀನನೂ ಅಲ್ಲ. ದಿನಕ್ಕೆ ಎರಡು ಬಾರಿಯಂತೆ ವಾರಕ್ಕೆ ಆರು ದಿನ: ಒಟ್ಟು 15 ಗಂಟೆ. ಇಷ್ಟು ದೀರ್ಘವಾದ ಬಿಡುವು ನನ್ನ ಸಂಸಾರದಲ್ಲಾಗಲಿ ಕೆಲಸದಲ್ಲಾಗಲಿ ಬೇರೆಲ್ಲಿಯೂ ಇಲ್ಲ. ಸಂಗೀತವನ್ನು ಕೇಳುವುದಾದರೆ ಇಲ್ಲಿಯೇ ಕೇಳಬೇಕು.

ಹಿಂದೆ ಸಂಗೀತ ಬೇಕೆಂದವನು ಅದು ಇದ್ದಲ್ಲಿಗೆ ಹೋಗಬೇಕಾಗಿತ್ತು. ರಾಮನವಮಿಯ ಚಪ್ಪರ, ಮಠದ ಜಾತ್ರೆ, ಸಿರಿವಂತರ ಮನೆಯ ಪಡಸಾಲೆ – ಇವೇ ಅದರ ಎಡೆಗಳು. 1935ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ಸ್ವಂತ ಉತ್ಸಾಹದಿಂದ ಒಂದು ಬಾನುಲಿ ಕೇಂದ್ರವನ್ನು ತೆರೆದರು. ಅದಕ್ಕಿದ್ದ ‘ಆಕಾಶವಾಣಿ’ ಎಂಬ ಹೆಸರು ಮುಂದೆ ಇಡೀ ದೇಶದ ಬಾನುಲಿಗೆ ಹೆಸರಾಯಿತು. ಸಂಗೀತ ಆಕಾಶದಿಂದ ಮನೆಗೆ ಬಂದಿತು. 1979ರಲ್ಲಿ ಜಪಾನಿನ ಸೋನಿ ಕಂಪನಿಯ ವಾಕ್‌ಮನ್ ಅದನ್ನು ಮನೆಯಿಂದ ಸೊಂಟಕ್ಕೆ ತಂದಿತು. ಈಗ ಅದು ಜೇಬಿನ ಫೋನಿನಲ್ಲಿದೆ. ಹಾಡುವವರಿಗೂ ಕೇಳುವವರಿಗೂ ನಡುವಣ ದೂರ ಹೀಗೆ ಕುಗ್ಗುತ್ತ ಕುಗ್ಗುತ್ತ ಕಿವಿಯ ಒಳಗಿನ ಒಂದು ಅಂಗುಲಕ್ಕೆ ಬಂದು ನಿಂತಿದೆ. ಆದರೆ ಚಪ್ಪರದ ಕೆಳಗೆ ದೊರೆಯುತ್ತಿದ್ದ ಒಂದು ವಸ್ತು ಈ ಪ್ರಯಾಣದಲ್ಲಿ ಎಲ್ಲಿಯೋ ಬಿದ್ದುಹೋಯಿತು. ಅದು ಸಂಗೀತದ ಸುತ್ತಣ ಮೌನ.

ನಮ್ಮ ಬಸ್ಸಿನಲ್ಲಿ ಕಾಲೇಜು ಹುಡುಗರೂ ಹುಡುಗಿಯರೂ ಬಹಳ. ಹತ್ತರಲ್ಲಿ ಏಳು ಮಂದಿಯ ಕಿವಿಯಲ್ಲಿ ಏನಾದರೊಂದು ಸಿಕ್ಕಿರುತ್ತದೆ. ಪಕ್ಕದಲ್ಲಿ ಕುಳಿತ ನನಗೂ ಅವರ ಹಾಡಿನ ಪಾಲು ದೊರೆಯುವುದುಂಟು. ಮರಳಿನ ಮೇಲೆ ತಗಡು ಎಳೆದಂತೆ ಒಂದು ಚಿರಿಚಿರಿ ಸದ್ದು. ಎಂಜಿನ್ನಿನ ಆರ್ಭಟದ ನಡುವೆಯೂ ನನಗೆ ಅದು ಕೇಳಿಸಬೇಕಾದರೆ ಅವರ ಕಿವಿಯೊಳಗೆ ಎಂತಹ ಗರ್ಜನೆ ನಡೆದಿರಬೇಕು! ಇದರಲ್ಲಿ ಅವರ ತಪ್ಪೇನೂ ಇಲ್ಲ. ಕಿವಿಯ ಹೊರಬಾಯಲ್ಲಿ ಸಡಿಲವಾಗಿ ಕೂಡುವ ಸಾಧಾರಣ ಇಯರ್‌ಫೋನು ಬಸ್ಸಿನ ಸದ್ದನ್ನು ತಡೆಯುವುದಿಲ್ಲ. ಹಾಡು ಸದ್ದನ್ನು ಗೆಲ್ಲಬೇಕು. ಗೆಲ್ಲುವುದಕ್ಕೆ ಅದಕ್ಕಿಂತ ಜೋರಾಗಬೇಕು. ಬೆರಳು ತಾನಾಗಿ ಧ್ವನಿಯನ್ನು ಏರಿಸುತ್ತದೆ. ಇಬ್ಬರು ಜಗಳಗಂಟರ ನಡುವೆ ಸಿಕ್ಕಿದ ಬಡಪಾಯಿಯಂತೆ ಕಿವಿ ಎರಡೂ ಕಡೆಯ ಏಟನ್ನು ತಿನ್ನುತ್ತದೆ.

ಈ ಏಟಿಗೆ ಲೆಕ್ಕವುಂಟು. ನಮ್ಮ ಕಾಲೇಜಿನ ಭೌತಶಾಸ್ತ್ರದ ಮಿತ್ರರೊಬ್ಬರು ಅದನ್ನು ನನಗೆ ಸಮಾಧಾನದಿಂದ ಬಿಡಿಸಿ ಹೇಳಿದರು. ಸದ್ದನ್ನು ಅಳೆಯುವ ಮಾನ ಡೆಸಿಬೆಲ್. ಸಾಮಾನ್ಯ ಸಂಭಾಷಣೆ ಸುಮಾರು 60 ಡೆಸಿಬೆಲ್. ಈ ಅಳತೆಗೋಲಿನ ವಿಚಿತ್ರವೆಂದರೆ, 10 ಏರಿದರೆ ಕಿವಿಗೆ ಬೀಳುವ ಶಕ್ತಿ ಹತ್ತು ಪಾಲಾಗುತ್ತದೆ. 20 ಏರಿದರೆ ನೂರು ಪಾಲು. ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವೂ ಸೇರಿ 2019ರಲ್ಲಿ ಇಂತಹ ಉಪಕರಣಗಳಿಗೆ ಒಂದು ಮಿತಿಯನ್ನು ಗೊತ್ತುಮಾಡಿದುವು: ದೊಡ್ಡವರಿಗೆ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. 90ಕ್ಕೆ ಏರಿಸಿದರೆ 40 ಗಂಟೆಯ ಪಾಲು 4 ಗಂಟೆಗೆ ಇಳಿಯುತ್ತದೆ. 100ಕ್ಕೆ ಏರಿಸಿದರೆ ಇಡೀ ವಾರಕ್ಕೆ ಉಳಿಯುವುದು 24 ನಿಮಿಷ.

ಓಡುವ ಬಸ್ಸಿನೊಳಗಿನ ಸದ್ದೇ 80ರ ಆಸುಪಾಸಿನಲ್ಲಿರುತ್ತದೆ. ಅದನ್ನು ಮೀರಿಸಿ ಹಾಡು ಕೇಳಬೇಕಾದರೆ 90ರ ಹತ್ತಿರ ಹೋಗದೆ ವಿಧಿಯಿಲ್ಲ. ಹಾಗೆ ಕೇಳುವವನು ಸೋಮವಾರ ಬೆಳಿಗ್ಗೆ ದಾವಣಗೆರೆಯಲ್ಲಿ ಬಸ್ಸು ಹತ್ತಿದನೆಂದು ಇಟ್ಟುಕೊಳ್ಳೋಣ. ಮಂಗಳವಾರ ಸಂಜೆ ದುರ್ಗದಿಂದ ಹಿಂದಿರುಗುವಾಗ, ಬಸ್ಸು ಹೊರಟು ಕಾಲು ಗಂಟೆಯಾಗುವಷ್ಟರಲ್ಲಿ ಅವನ ವಾರದ ಪಾಲು ತೀರಿಹೋಯಿತು. ಆಮೇಲೆ ಕೇಳುವುದೆಲ್ಲ ಸಾಲ. ಅದೇ ಹಾಡನ್ನು 70 ಡೆಸಿಬೆಲ್‌ನಲ್ಲಿ ಕೇಳುವಂತಾದರೆ? ಲೆಕ್ಕದ ಪ್ರಕಾರ 400 ಗಂಟೆ ಕೇಳಬಹುದು. ವಾರದಲ್ಲಿ ಇರುವುದೇ 168 ಗಂಟೆ! ಎರಡು ಸನ್ನಿವೇಶಗಳಲ್ಲಿಯೂ ಹಾಡು ಒಂದೇ, ಹಾಡುವವರೂ ಅವರೇ. ವ್ಯತ್ಯಾಸವೆಲ್ಲ ಹೊರಗಿನ ಸದ್ದು ಒಳಗೆ ಬಂದಿತೇ ಇಲ್ಲವೇ ಎಂಬುದರಲ್ಲಿದೆ.

ಸಾಲ ತೀರಿಸುವ ಬಗೆಯನ್ನು ನಾನು ಮನೆಯಲ್ಲಿಯೇ ಕಂಡಿದ್ದೇನೆ. ನಮ್ಮ ತಂದೆಯವರು ಹತ್ತಿಗಿರಣಿಯೊಂದರಲ್ಲಿ ಮೂವತ್ತು ವರ್ಷ ದುಡಿದವರು. ದಾವಣಗೆರೆಯ ಗಿರಣಿಗಳು ಒಂದು ಕಾಲಕ್ಕೆ ನಾಡಿಗೇ ಹೆಸರಾಗಿದ್ದುವು. ನೂರಾರು ಮಗ್ಗಗಳು ಒಟ್ಟಿಗೆ ಓಡುವಾಗ ಕೆಲಸಗಾರರು ಬಾಯಿಮಾತನ್ನು ಬಿಟ್ಟು ಕೈಸನ್ನೆಯಲ್ಲಿಯೇ ವ್ಯವಹರಿಸುತ್ತಿದ್ದರೆಂದು ಅವರು ಹೇಳುವುದುಂಟು. ಸದ್ದು ತಡೆಯಲಾರದಾದಾಗ ಕೈಗೆ ಸಿಕ್ಕಿದ ಹತ್ತಿಯನ್ನೇ ಉಂಡೆಮಾಡಿ ಕಿವಿಗೆ ತುರುಕಿಕೊಳ್ಳುತ್ತಿದ್ದರಂತೆ. ಹತ್ತಿ ಚಳಿಯನ್ನು ತಡೆಯುತ್ತದೆ. ಸದ್ದನ್ನು ತಡೆಯುವುದು ಅತ್ಯಲ್ಪ. ಅದರ ಎಳೆಗಳ ನಡುವೆ ಗಾಳಿ ಆಡುವಷ್ಟು ಎಡೆಯಿದೆ. ಗಾಳಿ ಆಡುವಲ್ಲಿ ಸದ್ದೂ ನುಸುಳುತ್ತದೆ.

ಅವರಿಗೆ ಕಿವಿ ಪೂರ್ತಿ ಕೇಳಿಸದೆಂದಲ್ಲ. ಮಾತು ಕೇಳಿಸುತ್ತದೆ, ತಿಳಿಯುವುದಿಲ್ಲ. ಇದರ ಕಾರಣ ವ್ಯಾಕರಣ ಪಾಠ ಹೇಳುವ ನನಗೆ ವಿಶೇಷವಾಗಿ ಮನಸ್ಸಿಗೆ ತಾಗಿತು. ನಮ್ಮ ಸ್ವರಾಕ್ಷರಗಳು ತಗ್ಗಿನ ಶ್ರುತಿಯವು, ಬಲವಾದವು. ಸ, ಶ, ತ, ಕಗಳಂತಹ ವ್ಯಂಜನಗಳಾದರೋ ಮೇಲಿನ ಶ್ರುತಿಯವು, ಕ್ಷೀಣವಾದವು. ಅತಿಸದ್ದು ಕಿವಿಯಲ್ಲಿ ಮೊದಲು ಕೆಡಿಸುವುದು ಈ ಮೇಲಿನ ಶ್ರುತಿಗಳ ಗ್ರಹಣವನ್ನು. ಸೆಕೆಂಡಿಗೆ 4,000 ಕಂಪನಗಳ ಆಸುಪಾಸಿನಲ್ಲಿ ಪೆಟ್ಟು ಮೊದಲಾಗುತ್ತದೆ. ಹೀಗಾಗಿ ಸ್ವರಗಳು ಉಳಿಯುತ್ತವೆ, ವ್ಯಂಜನಗಳು ಉದುರುತ್ತವೆ. ಸಾಲು, ಕಾಲು, ಪಾಲು, ಹಾಲು – ಈ ನಾಲ್ಕೂ ನಮ್ಮ ತಂದೆಯವರಿಗೆ ಒಂದೇ ಮಾತು. ಊಟಕ್ಕೆ ಕುಳಿತಾಗ ಅಮ್ಮ ಏನು ಕೇಳಿದಳೆಂಬುದನ್ನು ಅವರು ಅವಳ ಕೈಯಲ್ಲಿರುವ ಪಾತ್ರೆಯನ್ನು ನೋಡಿ ತಿಳಿಯುತ್ತಾರೆ.

ಒಂದು ಭಾನುವಾರ ಮಲ್ಲಿಕಾರ್ಜುನ ಮನ್ಸೂರರು ಹಾಡಿದ ವಚನಗಳನ್ನು ಹಾಕಿ ಅವರ ಪಕ್ಕದಲ್ಲಿ ಕುಳಿತಿದ್ದೆ. ಮನ್ಸೂರರೆಂದರೆ ಅವರಿಗೆ ಪ್ರಾಣ. ಧಾರವಾಡದ ಬಾನುಲಿಯಲ್ಲಿ ಕೇಳಿ ಬೆಳೆದವರು. ಬಹಳ ಹೊತ್ತು ಸುಮ್ಮನೆ ಆಲಿಸಿ, “ಏನಪ್ಪಾ, ಇದರಲ್ಲಿ ತಂಬೂರಿಯೇ ಇಲ್ಲವಲ್ಲ?” ಎಂದರು. ತಂಬೂರಿ ಮೊದಲಿನಿಂದ ಕೊನೆಯವರೆಗೆ ನುಡಿಯುತ್ತಿತ್ತು. ಕುದುರೆಯ ಮೇಲೆ ತಂತಿಯ ಅಡಿಯಲ್ಲಿ ಸಿಕ್ಕಿಸುವ ಒಂದೆಳೆ ದಾರದಿಂದ ಹುಟ್ಟುವ ಆ ಝೇಂಕಾರವಿದೆಯಲ್ಲ, ತಂಬೂರಿಯ ಜೀವವೇ ಅದು. ಅದು ಮೇಲಿನ ಶ್ರುತಿಗಳ ಸಂಪತ್ತು. ಅದು ಅವರ ಪಾಲಿಗೆ ಇಲ್ಲವಾಗಿತ್ತು. “ಇದೆ, ಅಪ್ಪಾ” ಎಂದೆ. ಅವರು ತಲೆಯಾಡಿಸಿದರು, ನನ್ನ ಮಾತನ್ನು ನಂಬಿದರೋ, ಬರಿಯ ಸ್ವರಗಳು ಮಾತ್ರ ಕೇಳಿಸಿದುವೋ ಹೇಳಲಾರೆ.

ಒಳಗಿವಿಯ ಶಂಖದಲ್ಲಿ ಸದ್ದನ್ನು ಹಿಡಿಯುವ ಸೂಕ್ಷ್ಮವಾದ ರೋಮಕೋಶಗಳು ಒಂದೊಂದು ಕಿವಿಗೆ ಸುಮಾರು 15,000 ಇರುತ್ತವೆ. ಕಡಿದ ಕೂದಲು ಬೆಳೆಯುತ್ತದೆ, ಉದುರಿದ ಹಾಲುಹಲ್ಲು ಮತ್ತೆ ಬರುತ್ತದೆ. ಈ ಕೋಶಗಳು ಮಾತ್ರ ಹೋದರೆ ಹೋದುವೇ. ಗಿರಣಿಯ ಸದ್ದನ್ನು ನಮ್ಮ ತಂದೆಯವರು ಅನ್ನಕ್ಕಾಗಿ ಸಹಿಸಿದರು. ನನ್ನ ವಿದ್ಯಾರ್ಥಿಗಳು ಅದೇ ನಷ್ಟವನ್ನು ಸಂತೋಷಕ್ಕಾಗಿ ತಂದುಕೊಳ್ಳುತ್ತಿದ್ದಾರೆ. 12ರಿಂದ 35 ವರ್ಷದೊಳಗಿನ ನೂರು ಕೋಟಿಗೂ ಮಿಗಿಲಾದ ಮಂದಿ ಹೀಗೆ ಅಪಾಯದಲ್ಲಿದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಎಚ್ಚರಿಸಿತು. ಕನ್ನಡ ಪಾಠ ಹೇಳುವವನಿಗೆ ಈ ಗೊಡವೆ ಏಕೆಂಬುದಕ್ಕೆ ಇಷ್ಟು ಸಾಕೆಂದು ಭಾವಿಸುತ್ತೇನೆ.

ಇನ್ನು ಆಯ್ಕೆಯ ಮಾತು. ಹೊರಗಿನ ಸದ್ದನ್ನು ದೂರವಿಡುವುದಕ್ಕೆ ಎರಡು ಮಾರ್ಗಗಳಿವೆ. ಸದ್ದಿಗೆ ಪ್ರತಿಸದ್ದನ್ನು ಒಡ್ಡಿ ಅಳಿಸುವುದು ಒಂದು. ಬಾಗಿಲನ್ನು ಭದ್ರವಾಗಿ ಮುಚ್ಚುವುದು ಇನ್ನೊಂದು.

ಮೊದಲನೆಯ ಮಾರ್ಗವನ್ನು ಜನಸಾಮಾನ್ಯರ ಬಳಿಗೆ ತಂದವರಲ್ಲಿ ಮುಖ್ಯರು ಅಮರ್ ಬೋಸ್. ಬಂಗಾಳದಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಸ್ವಾತಂತ್ರ್ಯ ಹೋರಾಟಗಾರರೊಬ್ಬರ ಮಗ. ಅಲ್ಲಿ ಹೆಸರಾಂತ ಪ್ರಾಧ್ಯಾಪಕ. 1978ರಲ್ಲಿ ಯೂರೋಪಿನಿಂದ ವಿಮಾನದಲ್ಲಿ ಹಿಂದಿರುಗುವಾಗ, ಕೊಟ್ಟ ಹೆಡ್‌ಫೋನಿನಲ್ಲಿ ಎಂಜಿನ್ನಿನ ಮೊರೆತದಿಂದ ಸಂಗೀತ ಕೇಳಿಸದಾಗಿ, ಕುಳಿತಲ್ಲಿಯೇ ಲೆಕ್ಕ ಹಾಕತೊಡಗಿದರಂತೆ. ಪುಟ್ಟ ಮೈಕ್ ಹೊರಗಿನ ಸದ್ದನ್ನು ಹಿಡಿಯುತ್ತದೆ. ಯಂತ್ರ ಅದಕ್ಕೆ ತದ್ವಿರುದ್ಧವಾದ ಅಲೆಯನ್ನು ಹುಟ್ಟಿಸುತ್ತದೆ. ಏರಿಗೆ ಇಳಿತ ಸೇರಿ ಎರಡೂ ಶಮನವಾಗುತ್ತವೆ. ಅವರ ಕಂಪನಿ 1989ರಲ್ಲಿ ವಿಮಾನ ಚಾಲಕರಿಗೂ 2000ದಲ್ಲಿ ಸಾಮಾನ್ಯರಿಗೂ ಇಂತಹ ಹೆಡ್‌ಫೋನುಗಳನ್ನು ಮಾರಾಟಕ್ಕೆ ತಂದಿತು. ಇಂದು ತಂತಿಯಿಲ್ಲದ ಪುಟ್ಟ ಇಯರ್‌ಫೋನುಗಳಲ್ಲಿಯೂ ಈ ಏರ್ಪಾಡು ಬಂದಿದೆ.

ಎರಡನೆಯ ಮಾರ್ಗ ಇನ್ನೂ ಸರಳವಾದುದು. ಶ್ರವಣಯಂತ್ರಗಳ ಕ್ಷೇತ್ರದಲ್ಲಿ ದುಡಿದ ಮೀಡ್ ಕಿಲಿಯನ್ ಎಂಬ ಅಮೆರಿಕದ ವಿಜ್ಞಾನಿ 1983ರಲ್ಲಿ ‘ಎಟಿಮೋಟಿಕ್ ರಿಸರ್ಚ್’ ಎಂಬ ಸಂಸ್ಥೆಯನ್ನು ಕಟ್ಟಿದರು. ‘ಕಿವಿಗೆ ನಿಷ್ಠವಾದುದು’ ಎಂದು ಆ ಹೆಸರಿನ ಅರ್ಥ. 1991ರಲ್ಲಿ ಅವರು ಹೊರತಂದ ‘ಇ.ಆರ್.-4’ ಎಂಬ ಇಯರ್‌ಫೋನು ಕಿವಿಯ ನಾಳದೊಳಗೆ ಆಳವಾಗಿ ಕೂತು ಅದನ್ನು ಬಿರಡೆಯಂತೆ ಮುಚ್ಚುತ್ತಿತ್ತು. ಬ್ಯಾಟರಿಯಿಲ್ಲ, ಪ್ರತಿಸದ್ದಿಲ್ಲ, ಗಾಳಿಗೆ ಎಡೆಯಿಲ್ಲದ ಕಾರಣ ಸದ್ದಿಗೂ ಎಡೆಯಿಲ್ಲ. 1995ರ ಸುಮಾರಿಗೆ ಜೆರಿ ಹಾರ್ವಿ ಎಂಬ ಧ್ವನಿತಂತ್ರಜ್ಞರು ರಂಗದ ಮೇಲಿನ ಆರ್ಭಟದಲ್ಲಿ ತನ್ನ ತಂಡದ ವಾದ್ಯವೇ ಕೇಳಿಸದೆ ಪರದಾಡುತ್ತಿದ್ದ ಡ್ರಮ್ ವಾದಕರೊಬ್ಬರಿಗೆ ಇದೇ ತತ್ತ್ವದ ಇಯರ್‌ಫೋನನ್ನು ಮಾಡಿಕೊಟ್ಟರು. ವಾದ್ಯಗಾರರಿಗೆ ಹುಟ್ಟಿದ ಈ ವಸ್ತು ಈಗ ಬಸ್ಸಿನ ಪ್ರಯಾಣಿಕನವರೆಗೆ ಬಂದಿದೆ.

ಇವೆರಡರಲ್ಲಿ ಯಾವುದು ಮೇಲು? ಎಂಜಿನ್ನಿನ ಮೊರೆತದಂತೆ ತಗ್ಗಿನ, ಏಕಪ್ರಕಾರವಾದ ಸದ್ದನ್ನು ಅಳಿಸುವುದರಲ್ಲಿ ಪ್ರತಿಸದ್ದಿನ ಯಂತ್ರ ನಿಸ್ಸಂದೇಹವಾಗಿ ಸಮರ್ಥ. ಆದರೆ ಕಂಡಕ್ಟರನ ಸೀಟಿ, ಹಾರ್ನು, ಹಿಂದಿನ ಸೀಟಿನ ವಾಗ್ವಾದ – ಇಂತಹ ಮೇಲಿನ ಶ್ರುತಿಯ ಸದ್ದುಗಳನ್ನು ತಡೆಯುವುದರಲ್ಲಿ ಮುಚ್ಚುವ ಬಿರಡೆಯೇ ವಾಸಿ. ಮೇಲಾಗಿ ನಮ್ಮ ಕೆಂಪು ಬಸ್ಸಿನ ಕಿಟಕಿಗಳು ಸದಾ ತೆರೆದಿರುವಂಥವು. ಗಾಳಿ ನೇರವಾಗಿ ಆ ಪುಟ್ಟ ಮೈಕಿಗೆ ಬಡಿದರೆ ಬುಸುಗುಟ್ಟುವ ಹೊಸದೊಂದು ಸದ್ದು ಹುಟ್ಟುವುದುಂಟು. ಬ್ಯಾಟರಿಗೆ ಆಯುಷ್ಯ ಕೆಲವೇ ವರ್ಷ. ಅದು ಸತ್ತರೆ ಒಳ್ಳೆಯ ಇಯರ್‌ಫೋನೂ ಅದರೊಂದಿಗೆ ಸಹಗಮನ ಮಾಡುತ್ತದೆ. ಆಳವಾಗಿ ಏನನ್ನಾದರೂ ಇಟ್ಟುಕೊಂಡರೆ ಕಿರಿಕಿರಿಯಾಗುವ ಕಿವಿಯವರಿಗೂ, ತಂತಿಯ ತೊಡಕು ಬೇಡವೆನ್ನುವವರಿಗೂ ಅದೇ ಸರಿ. ನಾನು ಬಿರಡೆಯ ಪಕ್ಷ.

ಕೊಳ್ಳಹೊರಟಾಗ ಅಂಗಡಿಯವನು ಡ್ರೈವರುಗಳ ಲೆಕ್ಕ ಹೇಳಿದ. ಡ್ರೈವರ್ ಎಂದರೆ ಒಳಗೆ ಸದ್ದನ್ನು ಹುಟ್ಟಿಸುವ ಅಂಗ. ಸ್ಪೀಕರಿನ ಚಿಕ್ಕ ರೂಪದಂತೆ ಪೊರೆಯನ್ನು ಅಲುಗಿಸುವುದು ಡೈನಾಮಿಕ್. ಶ್ರವಣಯಂತ್ರಗಳಲ್ಲಿ ಮೊದಲಿನಿಂದ ಬಳಕೆಯಲ್ಲಿರುವ ಪುಟ್ಟ ಕಡ್ಡಿಯದು ಬ್ಯಾಲೆನ್ಸ್ಡ್ ಆರ್ಮೇಚರ್. ನಮ್ಮ ತಂದೆಯವರ ಶ್ರವಣಯಂತ್ರವೂ ಎರಡನೆಯ ಬಗೆಯ ಇಯರ್‌ಫೋನೂ ಒಂದೇ ಮನೆತನದವೆಂದು ತಿಳಿದು ನನಗೆ ಆಶ್ಚರ್ಯವಾಯಿತು. ಒಂದಕ್ಕಿಂತ ಎರಡು ಮೇಲು, ಎರಡಕ್ಕಿಂತ ಐದು ಮೇಲು ಎಂಬಂತೆ ಅಂಗಡಿಯವನ ವಾದ. ಕಚೇರಿಯ ಗುಣವನ್ನು ಪಕ್ಕವಾದ್ಯಗಳ ಸಂಖ್ಯೆಯಿಂದ ಅಳೆದ ಹಾಗಾಯಿತು ಇದು! ಚೆನ್ನಾಗಿ ಮಾಡಿದ ಒಂದೇ ಡ್ರೈವರು ಹದಗೆಟ್ಟ ಐದಕ್ಕಿಂತ ಸೊಗಸಾಗಿ ನುಡಿಯಬಲ್ಲದು.

ನನ್ನ ಭೌತಶಾಸ್ತ್ರದ ಮಿತ್ರರು ಬೇರೆಯೇ ದಾರಿ ತೋರಿಸಿದರು. “ಮೇಷ್ಟ್ರೇ, ಯಂತ್ರವನ್ನು ಆಮೇಲೆ ನೋಡಿ. ಮೊದಲು ಅದರ ಟೋಪಿಯನ್ನು ನೋಡಿ,” ಎಂದರು. ಇಯರ್‌ಫೋನಿನ ತುದಿಗೆ ತೊಡಿಸುವ, ಅಂಗಡಿಯವರು ‘ಟಿಪ್’ ಎನ್ನುವ ಮೆತ್ತನೆಯ ರಬ್ಬರಿನ ಟೋಪಿಯೇ ಅದು. “ಗೋಡೆ ಮೂರಡಿ ದಪ್ಪವಿದ್ದರೇನು? ಬಾಗಿಲು ಎರಡು ಬೆರಳು ತೆರೆದಿದ್ದರೆ ಬೀದಿಯೆಲ್ಲ ಒಳಗೆ ಬರುತ್ತದೆ.” ಇಡೀ ವಿಷಯದ ತಿರುಳು ಈ ಎರಡು ಮಾತಿನಲ್ಲಿದೆ. ಹತ್ತು ರೂಪಾಯಿಯ ಟಿಪ್ ಸರಿಯಾಗಿ ಕೂರದಿದ್ದರೆ ಹತ್ತು ಸಾವಿರದ ಯಂತ್ರ ವ್ಯರ್ಥ.

ಒಬ್ಬರ ಕಿವಿಯ ನಾಳ ಇನ್ನೊಬ್ಬರದರಂತಿಲ್ಲ. ಒಬ್ಬನದೇ ಎಡಗಿವಿ ಬಲಗಿವಿಯಂತೆ ಇರಬೇಕೆಂಬ ನಿಯಮವೂ ಇಲ್ಲ. ಆದುದರಿಂದ ಚಿಕ್ಕದು, ನಡುವಣದು, ದೊಡ್ಡದು ಎಂದು ಹಲವು ಅಳತೆಯ ಟಿಪ್ಪುಗಳಿರುವ ಪೆಟ್ಟಿಗೆಯನ್ನೇ ಕೇಳಿ ಕೊಳ್ಳಬೇಕು. ಎಡಕ್ಕೆ ಒಂದು ಅಳತೆ ಬಲಕ್ಕೆ ಒಂದು ಅಳತೆಯಾದರೂ ನಾಚಿಕೆಪಡಬೇಕಾಗಿಲ್ಲ. ಸಿಲಿಕೋನಿನವು ಬಾಳಿಕೆಯವು, ತೊಳೆಯಬಹುದಾದವು. ಒಂದರ ಮೇಲೊಂದು ಕೊಡೆ ಹಿಡಿದಂತಿರುವ ಎರಡು-ಮೂರು ಮಡಿಕೆಯವು ಇನ್ನೂ ಆಳವಾಗಿ ಕೂತು ಹೆಚ್ಚು ತಡೆಯುತ್ತವೆ. ಫೋಮಿನವು ಎಲ್ಲಕ್ಕಿಂತ ಹೊಂದಿಕೊಳ್ಳುವ ಸ್ವಭಾವದವು: ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಿ ಒಳಗಿಟ್ಟರೆ ಅರ್ಧ ನಿಮಿಷದಲ್ಲಿ ಹಿಗ್ಗಿ ನಾಳದ ಆಕಾರವನ್ನೇ ತಳೆಯುತ್ತವೆ. ಗಿರಣಿಯ ಹತ್ತಿ ಮಾಡಲಾರದ ಕೆಲಸವನ್ನು ಇವು ಮಾಡುತ್ತವೆ. ಆದರೆ ಕೆಲವು ತಿಂಗಳಿಗೊಮ್ಮೆ ಬದಲಾಯಿಸಬೇಕಾಗುತ್ತದೆ. ಇಟ್ಟುಕೊಳ್ಳುವುದಕ್ಕೂ ಒಂದು ಕ್ರಮವಿದೆ. ತಲೆಯ ಹಿಂದಿನಿಂದ ಇನ್ನೊಂದು ಕೈಯನ್ನು ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಮೆಲ್ಲನೆ ಎಳೆದರೆ ನಾಳ ನೇರವಾಗುತ್ತದೆ, ಆಗ ಒಳಗಿಡಬೇಕು. ತೆಗೆಯುವಾಗ ಫಕ್ಕನೆ ಎಳೆಯದೆ ತಿರುಗಿಸುತ್ತ ನಿಧಾನವಾಗಿ ತೆಗೆಯಬೇಕು.

ಸರಿಯಾಗಿ ಕೂತಿದೆಯೇ ಎಂದು ತಿಳಿಯುವುದಕ್ಕೆ ನಮ್ಮ ಸಂಗೀತದಲ್ಲಿಯೇ ಒಳ್ಳೆಯ ಒರೆಗಲ್ಲಿದೆ. ತಬಲಾ ಇರುವ ಯಾವುದಾದರೂ ಹಾಡನ್ನು ಹಾಕಿ. ಎಡಗೈಯ ಡಗ್ಗಾದ ಗುಂಕಾರ ತುಂಬಿ ಬಂದರೆ ಬಾಗಿಲು ಮುಚ್ಚಿದೆ. ಬಲಗೈಯ ಟಕಾರ ಮಾತ್ರ ಕೇಳಿಸಿ ಡಗ್ಗಾ ಬಡವಾಗಿದ್ದರೆ ಎಲ್ಲಿಯೋ ಸಂದಿ ಉಳಿದಿದೆ. ತಗ್ಗಿನ ಶ್ರುತಿ ಮೊದಲು ಸೋರುವುದು ಆ ಸಂದಿಯಲ್ಲಿ. ಎಷ್ಟೋ ಮಂದಿ ಇದನ್ನು ತಿಳಿಯದೆ, ಯಂತ್ರದಲ್ಲಿ ಬಲವಿಲ್ಲವೆಂದು ದೂರಿ, ಗುಡುಗಿನಂತೆ ಗುಮ್ಮೆನ್ನುವ ಬೇರೊಂದನ್ನು ಕೊಂಡುತರುತ್ತಾರೆ.

ಬಾಗಿಲು ಮುಚ್ಚಿದ ಮೇಲೆ ಧ್ವನಿಯ ಗುಣವನ್ನು ಪರೀಕ್ಷಿಸಬೇಕು. ಅದಕ್ಕೆ ತಂಬೂರಿಯೇ ನನ್ನ ಅಳತೆ. ಹಾಡುವವರ ದನಿ ಮುಂದೆ, ತಬಲಾ ಪಕ್ಕದಲ್ಲಿ, ತಂಬೂರಿ ಹಿಂದೆ. ಈ ಮೂರೂ ತಮ್ಮ ತಮ್ಮ ಎಡೆಯಲ್ಲಿ ಕೂತಿದ್ದರೆ ಆ ಇಯರ್‌ಫೋನು ನಂಬಿಕೆಗೆ ಯೋಗ್ಯ. ಡಗ್ಗಾ ಉಬ್ಬಿ ಗಂಗೂಬಾಯಿ ಹಾನಗಲ್ಲರ ಗಂಭೀರ ಕಂಠವನ್ನು ನುಂಗಿದರೆ, ವೀಣೆ ದೊರೆಸ್ವಾಮಿ ಅಯ್ಯಂಗಾರರ ಮೀಟು ಕಿವಿಗೆ ಚುಚ್ಚಿದರೆ ಅದು ನಮ್ಮ ಸಂಗೀತಕ್ಕೆ ತಕ್ಕುದಲ್ಲ. ಸಿನಿಮಾ ಗೀತೆಗಳಿಗಾಗಿ ಕೊಳ್ಳುವವರು ತಮಗೆ ಬಾಯಿಪಾಠವಾಗಿರುವ ಒಂದು ಹಳೆಯ ಹಾಡನ್ನೇ ಹಾಕಿ ನೋಡಲಿ. ಗೊತ್ತಿರುವ ಮುಖದಲ್ಲಿಯೇ ಹೊಸ ಮಚ್ಚೆ ಕಾಣುವುದು.

ತಯಾರಕರು ಪೆಟ್ಟಿಗೆಯ ಮೇಲೆ ಬರೆಯುವ 35, 37 ಎಂಬ ಡೆಸಿಬೆಲ್ ಅಂಕಿಗಳನ್ನು ಪ್ರಯೋಗಶಾಲೆಯ ಅಂಕಿಗಳೆಂದು ತಿಳಿಯಬೇಕು. ಬಸ್ಸಿನಲ್ಲಿ ನಮ್ಮ ಕೈಗೆ 20 ದಕ್ಕಿದರೂ ಅದು ಸಣ್ಣದಲ್ಲ. ಬಸ್ಸಿನ 80 ಆಗ 60 ಆಗುತ್ತದೆ, ಹಾಡಿಗೆ 70 ಸಾಕಾಗುತ್ತದೆ. ಹಿಂದೆ ಹೇಳಿದ ಲೆಕ್ಕವನ್ನು ಓದುಗರು ನೆನೆದುಕೊಳ್ಳಬೇಕು.

ನಾನು ಕೊನೆಗೆ ಕೊಂಡುದು ಒಂದೇ ಡ್ರೈವರಿನ, ತಂತಿಯುಳ್ಳ, ಎರಡು ಸಾವಿರ ರೂಪಾಯಿಗೆ ಒಳಗಿನ ಒಂದು ಸಾಧಾರಣ ಇಯರ್‌ಫೋನು. ಜೊತೆಗೆ ಕೆಲವು ನೂರು ರೂಪಾಯಿ ಕೊಟ್ಟು ಫೋಮಿನ ಟಿಪ್ಪುಗಳು. ಈಚಿನ ಎಷ್ಟೋ ಫೋನುಗಳಲ್ಲಿ ತಂತಿ ಸಿಕ್ಕಿಸುವ ದುಂಡನೆಯ ಕಿಂಡಿಯಿಲ್ಲದಿರುವುದರಿಂದ ಅದಕ್ಕೊಂದು ಪುಟ್ಟ ಸೇತುವೆಯೂ ಬೇಕಾಯಿತು. ಕುಂದುಗಳಿಲ್ಲದೆ ಇಲ್ಲ. ಮುಚ್ಚಿದ ಕಿವಿಯಲ್ಲಿ ನಮ್ಮ ದನಿಯೇ ಮಡಕೆಯೊಳಗಿಂದ ಬಂದಂತೆ ಕೇಳಿಸುತ್ತದೆ. ನಡೆದರೆ ಹೆಜ್ಜೆ ತಲೆಯೊಳಗೆ ಧಿಂ ಧಿಂ ಎನ್ನುತ್ತದೆ. ತಂತಿ ಅಂಗಿಗೆ ಉಜ್ಜಿದ ಸದ್ದೂ ಒಳಗೆ ಬರುತ್ತದೆ. ಜನಿವಾರದಂತೆ ನೇರವಾಗಿ ಇಳಿಬಿಡದೆ ಕಿವಿಯ ಮೇಲಿನಿಂದ ಬಳಸಿ ತಂದರೆ ಅದು ಬಹುಮಟ್ಟಿಗೆ ಅಡಗುತ್ತದೆ. ಕಿವಿಯ ಗುಗ್ಗೆ ಹತ್ತುವುದರಿಂದ ವಾರಕ್ಕೊಮ್ಮೆ ಒರಸಿಡಬೇಕು. ಇನ್ನೊಬ್ಬರ ಹಲ್ಲುಜ್ಜುವ ಬ್ರಷ್ಷನ್ನು ಹೇಗೆ ಬಳಸೆವೋ ಹಾಗೆಯೇ ಇದನ್ನೂ ಎರವಲು ಕೊಡಕೂಡದು. ಕಿವಿ ಸೋರುತ್ತಿದ್ದರೆ, ನೋಯುತ್ತಿದ್ದರೆ ಮುಟ್ಟಲೇಬಾರದು.

ಮೊದಲ ದಿನ ಬಸ್ಸು ಆನಗೋಡು ದಾಟುವಾಗ ಮನ್ಸೂರರನ್ನು ಹಾಕಿಕೊಂಡೆ. ಎಂಜಿನ್ನು ಪಕ್ಕದ ಊರಿನ ಹಿಟ್ಟಿನ ಗಿರಣಿಯಷ್ಟು ದೂರ ಸರಿದಿತ್ತು. ಫೋನಿನ ಧ್ವನಿ ಅರ್ಧಕ್ಕಿಂತ ಕೆಳಗಿತ್ತು. ಆ ತಗ್ಗಿದ ಧ್ವನಿಯಲ್ಲಿ ತಂಬೂರಿಯ ನಾಲ್ಕು ತಂತಿಗಳೂ ಒಂದಾದಮೇಲೊಂದು ಎದ್ದು ಬಂದುವು. ತಾನಿನ ಮುಂಚೆ ಆ ಮಹನೀಯರು ಎಳೆದುಕೊಂಡ ಉಸಿರೂ ಕೇಳಿಸಿತು. ಗಟ್ಟಿಯಾಗಿ ಹಾಕಿದಾಗ ಎಂದೂ ಕೇಳಿಸದಿದ್ದುದು ಮೆಲ್ಲಗೆ ಹಾಕಿದಾಗ ಕೇಳಿಸಿತೆಂಬುದು ವಿರೋಧಾಭಾಸದಂತೆ ತೋರಬಹುದು. ಆದರೆ ಹಗಲಿನಲ್ಲಿ ಕಾಣದ ನಕ್ಷತ್ರವನ್ನು ತೋರಿಸುವುದು ಹೆಚ್ಚಿನ ಬೆಳಕಲ್ಲವಷ್ಟೆ.

ಇಲ್ಲಿ ಒಂದು ಆಕ್ಷೇಪಣೆಗೆ ಎಡೆಯಿದೆ. ಪ್ರತಿಯೊಬ್ಬನೂ ಹೀಗೆ ಕಿವಿ ಮುಚ್ಚಿಕೊಂಡು ಕುಳಿತರೆ ಸಮಾಜದ ಗತಿಯೇನು? ಕಚೇರಿಯಲ್ಲಿ ನೂರು ಜನ ಒಟ್ಟಿಗೆ ತಲೆದೂಗುತ್ತಿದ್ದ ಸಂತೋಷವೆಲ್ಲಿ, ಈ ಒಂಟಿ ರಸಿಕತೆಯೆಲ್ಲಿ? ಈ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಬಸ್ಸು ಕಚೇರಿಯಲ್ಲ. ಅಲ್ಲಿ ಫೋನನ್ನು ಗಟ್ಟಿಯಾಗಿ ಹಾಕಿ ಎಲ್ಲರಿಗೂ ಕೇಳಿಸುವವನು ಸಮಾಜಸೇವೆ ಮಾಡುತ್ತಿರುವುದಿಲ್ಲ. ಒಂಟಿಯಾಗಿ ಆಲಿಸಿ ಉಳಿಸಿಕೊಂಡ ಕಿವಿಯೇ ನಾಳೆ ಕಚೇರಿಗೆ ಹೋಗಿ ಕೂರಬಲ್ಲುದು.

ಆದರೂ ರೆಪ್ಪೆಯ ಧರ್ಮ ಮುಚ್ಚುವುದಷ್ಟೇ ಅಲ್ಲ, ತೆರೆಯುವುದೂ ಹೌದು. ರಸ್ತೆ ದಾಟುವಾಗ, ರೈಲು ಹಳಿಯ ಬಳಿಯಲ್ಲಿ, ಸ್ಕೂಟರಿನ ಮೇಲೆ ಕಿವಿ ಮುಚ್ಚಿರುವುದು ಪ್ರಾಣಕ್ಕೇ ಸಂಚಕಾರ. ಅಲ್ಲಿ ತರಗೆಲೆಯ ಸಪ್ಪಳ ಕೇಳಲೇಬೇಕು. ಬಸ್ಸು ಹತ್ತಿ ಕೂತ ಮೇಲೆ ಇಟ್ಟುಕೊಳ್ಳುತ್ತೇನೆ. ಇಳಿಯುವ ಮೊದಲೇ ತೆಗೆದು ಡಬ್ಬಿಗೆ ಹಾಕುತ್ತೇನೆ. ಧ್ವನಿಯನ್ನು ಮನೆಯ ನಿಶ್ಶಬ್ದದಲ್ಲಿ ಹಿತವಾಗುವಷ್ಟಕ್ಕೆ ಗೊತ್ತುಮಾಡಿಕೊಂಡಿದ್ದೇನೆ. ಬಸ್ಸಿನಲ್ಲಿ ಅದನ್ನು ಏರಿಸಬೇಕೆನಿಸಿದರೆ ಧ್ವನಿಯನ್ನು ಬಿಟ್ಟು ಟಿಪ್ಪನ್ನು ಸರಿಪಡಿಸುತ್ತೇನೆ. ನನ್ನ ವಿದ್ಯಾರ್ಥಿಗಳಿಗೆ ಹೇಳುವುದೂ ಇಷ್ಟೇ.

ಮೊನ್ನೆ ಭರಮಸಾಗರದಲ್ಲಿ ಒಬ್ಬ ಮುದುಕಿ ಹತ್ತಿ ಪಕ್ಕದಲ್ಲಿ ಕುಳಿತಳು. ತುಟಿ ಅಲುಗುತ್ತಿದ್ದುದನ್ನು ಕಂಡು ಒಂದು ಕಿವಿಯದನ್ನು ತೆಗೆದೆ. “ದುರ್ಗದ ದೊಡ್ಡಾಸ್ಪತ್ರಿ ಮುಂದ ನಿಲ್ಲಸ್ತಾರೇನಪ್ಪಾ?” ಎಂದು ಕೇಳುತ್ತಿದ್ದಳು. ಎರಡನೆಯದನ್ನೂ ತೆಗೆದು, ನಿಲ್ಲಿಸುವ ಜಾಗವನ್ನೂ ಅಲ್ಲಿಂದ ನಡೆಯಬೇಕಾದ ದಾರಿಯನ್ನೂ ಹೇಳಿದೆ. ಆಮೇಲೆ ಮಗನ ಕಾಯಿಲೆಯ ವಿಚಾರ ಬಂದಿತು, ಮಳೆಯ ವಿಚಾರ ಬಂದಿತು. ಗಾಳಿಯಂತ್ರಗಳು ಕಾಣಿಸಿಕೊಂಡುವು. ಆ ದಿನ ಅರ್ಧಕ್ಕೆ ನಿಂತ ಹಾಡನ್ನು ಸಂಜೆ ಹಿಂದಿರುಗುವಾಗ ಮುಂದುವರಿಸಿದೆ.